ಹಿನ್ನೀರಿನ ನಾಡಿನಲ್ಲಿ

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಕದಂಬರನ್ನೂ ಹೊಯ್ಸಳರನ್ನೂ ನೆನೆಯುವುದು ವಾಡಿಕೆ. ಅದು ಆಗಬೇಕಾದ ಕೆಲಸವೇ ಸರಿ. ಆದರೆ ಇಂದು ನಾವು ಅರಸರ ಮಾತನ್ನು ತುಸು ಹಿಂದಕ್ಕೆ ಸರಿಸಿ, ಒಂದು ಹೊಳೆಯ ಮಾತನ್ನೂ ಅದರ ದಂಡೆಯ ಕಾಡು, ಕೆರೆ, ಹಳ್ಳಿಗಳ ಮಾತನ್ನೂ ತಮ್ಮ ಮುಂದಿಡಬೇಕೆಂದಿದ್ದೇವೆ. ರಜೆ ಬಂದೊಡನೆ ಮಹಾಬಲೇಶ್ವರ, ಮಾಥೇರಾನಗಳಿಗೆ ಹೊರಡುವ ನಮ್ಮ ಮುಂಬಯಿಯ ಕನ್ನಡ ಕುಟುಂಬಗಳು ಒಮ್ಮೆಯಾದರೂ ಈ ಕಡೆಗೆ ತಿರುಗಲಿ ಎಂಬುದು ನಮ್ಮ ಮೊದಲನೆಯ ಆಸೆ. ಹೋದವರು ಬರಿಯ ಚೆಲುವನ್ನು ನೋಡಿ ಹಿಂತಿರುಗದೆ, ಆ ಚೆಲುವಿನ ಕೆಳಗೆ ಏನು ಮುಳುಗಿದೆ ಎಂಬುದನ್ನೂ ಅರಿತು ಬರಲಿ ಎಂಬುದು ಎರಡನೆಯ ಆಸೆ. ನಮ್ಮ ಮಾತಿನ ತಿರುಳೆಲ್ಲ ಈ ಎರಡನೆಯದರಲ್ಲಿದೆ.

ಹೊಳೆಯ ಹೆಸರು ಶರಾವತಿ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊನ್ನಾವರದಲ್ಲಿ ಸಮುದ್ರ ಸೇರುವಷ್ಟರಲ್ಲಿ ಅದು ನಡೆಯುವ ದೂರ ಸುಮಾರು 128 ಕಿಲೋಮೀಟರು ಮಾತ್ರ. ಗೋದಾವರಿ, ಕೃಷ್ಣೆಯರ ಮುಂದೆ ಇದು ಪುಟ್ಟ ಹುಡುಗಿ. ಆದರೆ ಈ ಪುಟ್ಟ ಹುಡುಗಿ ಹೊತ್ತ ಭಾರ ಎಷ್ಟೆಂಬುದನ್ನು ಮುಂದೆ ನೋಡೋಣ. ಇನ್ನೊಂದು ಸೋಜಿಗವೂ ಅಲ್ಲಿದೆ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಮೂಡಲಿಗೆ ಹರಿದು, ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳದ ಕೊಲ್ಲಿಯನ್ನು ಸೇರುತ್ತದೆ. ಶರಾವತಿಯೋ ಪಡುವಲಿಗೆ ತಿರುಗಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಒಂದೇ ಮುಗಿಲಿನಿಂದ ಬಿದ್ದ ಮಳೆಯ ಹನಿಗಳಲ್ಲಿ ಕೆಲವು ಮೂಡಲ ಕಡಲಿಗೆ, ಕೆಲವು ಪಡುವಲ ಕಡಲಿಗೆ! ಮನೆ ಒಂದೇ ಆದರೂ ಮಕ್ಕಳು ಊರೂರಿಗೆ ಹಂಚಿಹೋದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮಲ್ಲಿ ಬಹುಮಂದಿ ಶರಾವತಿಯನ್ನು ಈಗಾಗಲೇ ದಾಟಿದ್ದೀರಿ, ನಿದ್ದೆಗಣ್ಣಿನಲ್ಲಿ! 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಂದಿನಿಂದ ಮಂಗಳೂರು, ಉಡುಪಿ, ಕುಂದಾಪುರಗಳಿಗೆ ಹೋಗುವ ನಮ್ಮ ಜನರೆಲ್ಲ ಹೊನ್ನಾವರದಲ್ಲಿ ಒಂದು ಉದ್ದವಾದ ಸೇತುವೆಯನ್ನು ದಾಟುತ್ತಾರೆ. ಎರಡು ಕಿಲೋಮೀಟರಿಗೂ ಮಿಕ್ಕಿದ ಆ ಸೇತುವೆಯೇ ಕೊಂಕಣ ರೈಲ್ವೆಯ ದಾರಿಯಲ್ಲಿ ಎಲ್ಲಕ್ಕಿಂತ ಉದ್ದವಾದದ್ದು. ಗಾಡಿಯ ಗಾಲಿಗಳ ಸದ್ದು ಬದಲಾದಾಗ ಕಿಟಕಿಯಿಂದ ಹೊರಗೆ ಕಂಡ ಆ ವಿಶಾಲವಾದ ನೀರು, ತೆಂಗಿನ ದ್ವೀಪಗಳು, ಇವೇ ಶರಾವತಿಯ ಕೊನೆಯ ಹೆಜ್ಜೆ. ಅಲ್ಲಿ ಇಳಿದು ಹೊಳೆಯ ಗುಂಟ ಮೇಲಕ್ಕೆ ಹೊರಟರೆ, ಘಟ್ಟದ ದಾರಿಯಲ್ಲಿ ಸುಮಾರು 60 ಕಿಲೋಮೀಟರಿಗೆ ಜೋಗ ಸಿಗುತ್ತದೆ. ಅಲ್ಲಿಂದ ಇನ್ನು 30 ಕಿಲೋಮೀಟರು ಹೋದರೆ ಸಾಗರ.

ಈ ಹೊಳೆಗೂ ರಾಜ್ಯೋತ್ಸವಕ್ಕೂ ಒಂದು ನೇರವಾದ ನಂಟಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ ಸುಮಾರು ಒಂದು ಶತಮಾನದ ಕಾಲ ಜೋಗದ ಒಂದು ದಂಡೆ ಮೈಸೂರು ಸೀಮೆಯದು, ಇನ್ನೊಂದು ದಂಡೆ ಮುಂಬಯಿ ಸೀಮೆಯದು. ಈ ದಂಡೆಯವನೂ ಕನ್ನಡಿಗ, ಆ ದಂಡೆಯವನೂ ಕನ್ನಡಿಗ. ಇಬ್ಬರ ಗದ್ದೆಗೂ ಬೀಳುವುದು ಒಂದೇ ಮಳೆ. ಆದರೆ ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ. ಜೋಗದಲ್ಲಿ ‘ಬಾಂಬೆ ಬಂಗಲೆ’ ಎಂಬ ಹೆಸರು ಇಂದಿಗೂ ಉಳಿದುಕೊಂಡಿರುವುದು ಆ ಕಾಲದ ಗುರುತಾಗಿ. 1956ರ ನವೆಂಬರ್ 1ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದವು. ಏಕೀಕರಣವೆಂದರೇನೆಂದು ಮಕ್ಕಳು ಕೇಳಿದರೆ ಇತಿಹಾಸದ ಪುಸ್ತಕ ತೆರೆಯುವುದಕ್ಕಿಂತ ಈ ಹೊಳೆಯ ದಂಡೆಯ ಮೇಲೆ ಅವರನ್ನು ನಿಲ್ಲಿಸಿ ಎರಡು ಕಡೆಗೂ ಕೈತೋರಿಸುವುದು ಮೇಲು.

ಹೊನ್ನಾವರದಿಂದ ಹೊರಟವರಿಗೆ ಮೊದಲು ಸಿಗುವುದು ಗೇರುಸೊಪ್ಪೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಈ ಹೊಳೆಯಲ್ಲಿಯೇ ದೋಣಿ ಹತ್ತಿ ಕಡಲಿಗಿಳಿದು ದೂರದೇಶಗಳಿಗೆ ಹೋಗುತ್ತಿತ್ತು. ಆ ವೈಭವದಲ್ಲಿ ಇಂದು ಉಳಿದಿರುವುದು ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಚತುರ್ಮುಖ ಬಸದಿ. ನಾವು ಹೋದ ಮುಂಜಾನೆ ಅಲ್ಲಿ ನಮ್ಮ ಹೊರತು ಇನ್ನಾರೂ ಇರಲಿಲ್ಲ. ಕಲ್ಲಿನ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದು ಕೇಳಿಸುವಷ್ಟು ಮೌನ. ದಿನದ ಇಪ್ಪತ್ತನಾಲ್ಕು ಗಂಟೆಯೂ ಲೋಕಲ್ ರೈಲಿನ ಸದ್ದಿನಲ್ಲಿ ಬೆಳೆದ ನಮ್ಮ ಹುಡುಗರು ಮೊದಮೊದಲು ಆ ಮೌನಕ್ಕೆ ಹೆದರಿದರೆಂದೇ ಹೇಳಬೇಕು.

ಘಟ್ಟದ ದಾರಿಯಲ್ಲಿ ಸಿದ್ದಾಪುರ ತಾಲೂಕಿಗೆ ಸೇರಿದ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಅದರ ವರ್ಣನೆ. ‘ಕಾನು’ ಎಂದರೆ ನಿತ್ಯಹಸಿರಿನ ದಟ್ಟ ಕಾಡು. ಅದರಲ್ಲಿಯೂ ಹಗಲಿನಲ್ಲೇ ಕತ್ತಲೆ ಕವಿದ ಕಾನು ಇದು. ಇಲ್ಲಿಯ ಕೆಲವು ತಗ್ಗುಗಳಲ್ಲಿ ವರ್ಷವಿಡೀ ನೀರು ನಿಂತೋ ಮೆಲ್ಲಗೆ ಹರಿದೋ ಇರುತ್ತದೆ. ಜಾಜಿಕಾಯಿಯ ಕುಲಕ್ಕೆ ಸೇರಿದ ರಾಮಪತ್ರೆಯ ಮರಗಳು ಆ ಜೌಗಿನಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದಾದ್ದರಿಂದ ಬೇರುಗಳು ಮಂಡಿಯಂತೆ ಮಡಿಸಿಕೊಂಡು ನೆಲದಿಂದ ಮೇಲೆದ್ದು ಉಸಿರಾಡುತ್ತವೆ; ಕೆಲವು ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತಿರುತ್ತವೆ. ಪಶ್ಚಿಮ ಘಟ್ಟಗಳ ಹೊರತು ಲೋಕದಲ್ಲಿ ಇನ್ನೆಲ್ಲಿಯೂ ಸಿಗದ ಸಿಂಗಳೀಕಗಳು ಮೇಲಿನ ಕೊಂಬೆಗಳಲ್ಲಿ ಓಡಾಡುತ್ತವೆ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ಹಳ್ಳಗಳಿಗೆ ಹನಿಹನಿಯಾಗಿ ಬಿಟ್ಟುಕೊಡುವ ಕೆಲಸವನ್ನು ಇಂಥ ಕಾಡುಗಳು ಸದ್ದಿಲ್ಲದೆ ಮಾಡುತ್ತವೆ. ಅಣೆಕಟ್ಟು ಕಟ್ಟುವ ವಿದ್ಯೆ ಮನುಷ್ಯನಿಗೆ ಬರುವ ಮೊದಲೇ ಕಾಡಿಗೆ ಬರುತ್ತಿತ್ತು.

ಜೋಗದ ವರ್ಣನೆಯನ್ನು ತಾವು ಬೇಕಾದಷ್ಟು ಕೇಳಿದ್ದೀರಿ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರು ಎತ್ತರದಿಂದ ಬೀಳುತ್ತವೆ. ಅಣೆಕಟ್ಟು ಆದ ಮೇಲೆ ಈ ಧಾರೆಗಳು ತುಂಬಿ ಬೀಳುವುದು ಮುಖ್ಯವಾಗಿ ಮಳೆಗಾಲದಲ್ಲಿ. ಉಳಿದ ಕಾಲದಲ್ಲಿ ಬಂಡೆಯ ಮೇಲೆ ತೆಳುವಾದ ಬಿಳಿಯ ನೂಲು. ಬಹುಮಂದಿ ಪ್ರವಾಸಿಗರು ಜೋಗ ನೋಡಿ, ಚಿತ್ರ ತೆಗೆಸಿಕೊಂಡು, ಅಲ್ಲಿಂದಲೇ ಹಿಂತಿರುಗುತ್ತಾರೆ. ನಾವು ಹೇಳಬೇಕೆಂದಿರುವ ನಾಡು ಶುರುವಾಗುವುದೇ ಅಲ್ಲಿಂದ ಮುಂದೆ.

ಜೋಗದಿಂದ ಆರು ಕಿಲೋಮೀಟರು ಮೇಲಕ್ಕೆ ಲಿಂಗನಮಕ್ಕಿಯ ಅಣೆಕಟ್ಟಿದೆ. 1964ರಲ್ಲಿ ಪೂರ್ತಿಯಾದದ್ದು. ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ. ನೀರು ಹರಡುವ ನೆಲ 300 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಇಲ್ಲಿಯ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಹೋಗಿ, ಅಲ್ಲಿಂದ ಭಾರಿ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ, ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 1035 ಮೆಗಾವಾಟು. ಅಷ್ಟಕ್ಕೇ ಬಿಡದೆ, ಅದೇ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೊಮ್ಮೆ ವಿದ್ಯುತ್ತು ತೆಗೆಯುತ್ತಾರೆ. ಕರ್ನಾಟಕದ ಕಾರ್ಖಾನೆಗಳಿಗೂ ಊರೂರಿನ ದೀಪಗಳಿಗೂ ದಶಕಗಳ ಕಾಲ ಮುಖ್ಯ ಆಧಾರವಾಗಿದ್ದುದು ಈ ಹೊಳೆಯೇ. ಪುಟ್ಟ ಹುಡುಗಿ ಹೊತ್ತ ಭಾರವೆಂದು ಆಗಲೇ ಹೇಳಿದೆವಲ್ಲ, ಅದು ಇದು.

ಲಿಂಗನಮಕ್ಕಿಯ ಹಿನ್ನೀರು ಒಂದು ದುಂಡನೆಯ ಸರೋವರವಲ್ಲ. ಗುಡ್ಡಗಳ ನಡುವಿನ ಕಣಿವೆಕಣಿವೆಗೂ ನುಗ್ಗಿ, ಅಂಗೈಯ ಬೆರಳುಗಳಂತೆ ಹರಡಿ, ಗುಡ್ಡದ ನೆತ್ತಿಗಳನ್ನು ದ್ವೀಪಗಳನ್ನಾಗಿ ಮಾಡಿದೆ. ತಾಳಗುಪ್ಪದ ಹತ್ತಿರದ ಹೊನ್ನೆಮರಡಿನಲ್ಲಿ ಸಂಜೆ ದಂಡೆಯ ಮೇಲೆ ಕುಳಿತರೆ ನೀರಿನ ಬಣ್ಣ ಗಳಿಗೆಗೊಮ್ಮೆ ಬದಲಾಗುತ್ತದೆ. ನೀರಿನ ನಡುವೆ ಅಲ್ಲಲ್ಲಿ ಒಣಗಿದ ಮರಗಳ ಬೊಡ್ಡೆಗಳು, ಎಲೆಯಿಲ್ಲದೆ, ತೊಗಟೆಯಿಲ್ಲದೆ, ಬೆಳ್ಳಗೆ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು, “ನೀರಿನೊಳಗೆ ಮರ ಯಾರು ನೆಟ್ಟರು?” ಎಂದು ಕೇಳಿದಳು. ದೋಣಿಯ ಹಿರಿಯರು ಹುಟ್ಟು ನಿಲ್ಲಿಸಿ ಹೇಳಿದರು: “ಮರ ಮೊದ್ಲಿಂದ ಅಲ್ಲೇ ಇತ್ತು ಮಗಾ. ನೀರೇ ಆಮೇಲೆ ಬಂದಿದ್ದು.”

ಬಂಧುಗಳೇ, ಆ ಒಂದು ಮಾತನ್ನು ಸಾವಕಾಶವಾಗಿ ಬಿಡಿಸಿ ನೋಡೋಣ.

ಶರಾವತಿಗೆ ಮೊದಲ ಅಣೆಕಟ್ಟು ಬಿದ್ದದ್ದು ಮಡೆನೂರಿನ ಬಳಿ, ಹಿರೇಭಾಸ್ಕರ ಎಂಬ ಹೆಸರಿನಲ್ಲಿ. 1939ರಲ್ಲಿ ಆರಂಭವಾದ ಜೋಗದ ವಿದ್ಯುತ್ ಯೋಜನೆ 1948ರಲ್ಲಿ ಕೆಲಸ ಮಾಡತೊಡಗಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಪೂರ್ತಿಯಾದಾಗ ಅದರ ಸಾಮರ್ಥ್ಯ 120 ಮೆಗಾವಾಟು. ಬೆಳೆಯುವ ನಾಡಿಗೆ ಅದು ಸಾಲಲಿಲ್ಲ. ಆದುದರಿಂದ ಕೆಳಗೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಎದ್ದಿತು. ಅದರ ನೀರು ಏರಿ ಬಂದಾಗ ಹದಿನಾರೇ ವರ್ಷ ಕೆಲಸ ಮಾಡಿದ ಹಿರೇಭಾಸ್ಕರದ ಅಣೆಕಟ್ಟೇ ನೀರಿನಲ್ಲಿ ಮುಳುಗಿಹೋಯಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ನೀರು ಬಹಳ ಇಳಿದ ವರ್ಷಗಳಲ್ಲಿ, ಬೇಸಗೆಯ ಕೊನೆಗೆ, ಅದು ಮೇಲೆದ್ದು ಕಾಣುತ್ತದೆ. 2023ರ ಬೇಸಗೆಯಲ್ಲಿ ನಾವು ಅದನ್ನು ಕಂಡೆವು. ದಶಕಗಟ್ಟಲೆ ನೀರಿನೊಳಗಿದ್ದರೂ ಕಲ್ಲುಗಟ್ಟಡ ಸ್ವಲ್ಪವೂ ಬಾಗಿರಲಿಲ್ಲ. ಸುತ್ತಲೂ ಬಿರುಕುಬಿಟ್ಟ ಕೆಸರು. ಅದರಲ್ಲಿ ಒಂದು ಬಾವಿಯ ಕಟ್ಟೆ, ಅಲ್ಲಿಗೆ ಹೋಗುತ್ತಿದ್ದ ಹಳೆಯ ರಸ್ತೆಯ ಗುರುತು.

ಅಣೆಕಟ್ಟು ಮುಳುಗಿದ್ದನ್ನು ನೋಡಲು ಜನ ಹೋಗುತ್ತಾರೆ. ಮುಳುಗಿದ ಮನೆಗಳನ್ನು ನೋಡಲು ಆ ಮನೆಯವರು ಮಾತ್ರ ಹೋಗುತ್ತಾರೆ. ಲಿಂಗನಮಕ್ಕಿಯ ನೀರಿನಲ್ಲಿ ಹತ್ತಾರು ಹಳ್ಳಿಗಳು, ಅಡಕೆಯ ತೋಟಗಳು, ಬತ್ತದ ಗದ್ದೆಗಳು, ದೇವರ ಬನಗಳು ಮುಳುಗಿದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊರಟವು. ಕೆಲವರನ್ನು ಆನಂದಪುರದ ಕಡೆಗೆ, ಕೆಲವರನ್ನು ಶಿವಮೊಗ್ಗದ ಸುತ್ತಿನ ಕಾಡಿಗೆ ಕಳಿಸಿದರು. ಶೆಟ್ಟಿಹಳ್ಳಿಯ ಕಾಡಿನಲ್ಲಿ ನೆಲೆ ನಿಂತವರ ಪಾಡನ್ನು ಕೇಳಿ: 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಧಾಮದೊಳಗೆ ರಸ್ತೆ ಮಾಡುವುದು ಕಷ್ಟ, ವಿದ್ಯುತ್ತಿನ ತಂತಿ ಎಳೆಯುವುದು ಕಷ್ಟ. ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವರು ದಶಕಗಳ ಕಾಲ ಚಿಮಣಿ ದೀಪದಲ್ಲಿ ಕಳೆದರು. ಅವರಿಗೆ ಕೊಟ್ಟ ನೆಲದ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷಗಳಾದ ಮೇಲೂ ಪೂರ್ತಿ ಬಗೆಹರಿದಿಲ್ಲ.

ಇನ್ನೊಂದು ಎಳೆಯನ್ನೂ ಇದಕ್ಕೆ ಜೋಡಿಸಿ ನೋಡಬೇಕು. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದರು. ಮೂಲದಲ್ಲಿ ಅದು ಒಂದು ಕೊಳಗದ ಜಗಳ. ಗೇಣಿಯ ಬತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದು ಎಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. 1974ರ ಭೂಸುಧಾರಣೆಯ ಕಾಯಿದೆಗೆ ಮುನ್ನಡಿಯಾದ ಚಳವಳಿಗಳಲ್ಲಿ ಇದೂ ಒಂದು. ಆದರೆ ನೀರು ಏರಿದ್ದು 1964ರಲ್ಲಿ. ಆಗಿನ್ನೂ ಉಳುವವನ ಹೆಸರಿನಲ್ಲಿ ಭೂಮಿ ಇರಲಿಲ್ಲ. ತನ್ನ ಹೆಸರಿನಲ್ಲಿ ಪತ್ರವಿಲ್ಲದ ನೆಲ ಮುಳುಗಿದರೆ ಪರಿಹಾರವನ್ನು ಯಾರ ಬಳಿ ಕೇಳಬೇಕು? ಹತ್ತು ವರ್ಷ ಮೊದಲು ಕಾಯಿದೆ ಬಂದಿದ್ದರೆ, ಅಥವಾ ಹತ್ತು ವರ್ಷ ತಡವಾಗಿ ನೀರು ಬಂದಿದ್ದರೆ ಎಷ್ಟು ಮನೆಗಳ ಕಥೆ ಬೇರೆಯಾಗುತ್ತಿತ್ತೋ!

ಊರು ಬಿಟ್ಟವರು ನಾವೂ ಹೌದು. ಹೊಟ್ಟೆಪಾಡಿಗೆ, ಓದಿಗೆ, ನೌಕರಿಗೆ ನಮ್ಮ ಹಿರಿಯರು ಈ ನಗರಕ್ಕೆ ಬಂದರು. ಬೇಸರವಾದಾಗ, “ಊರು ಬಿಟ್ಟು ಬಂದೆವು” ಎಂದು ನಾವು ನಿಟ್ಟುಸಿರು ಬಿಡುವುದುಂಟು. ಆದರೆ ನಮ್ಮ ಊರು ಇದ್ದಲ್ಲಿಯೇ ಇದೆ. ಜಾತ್ರೆಗೆ ಹೋಗಬಹುದು, ಬೀಗ ತೆಗೆದು ಅಜ್ಜನ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಬಹುದು. ಹಿನ್ನೀರಿನವರಿಗೆ ಆ ಭಾಗ್ಯವಿಲ್ಲ. ನಾವು ಊರನ್ನು ಬಿಟ್ಟೆವು. ಅವರನ್ನು ಊರೇ ಬಿಟ್ಟುಹೋಯಿತು.

ಊರು ಬಿಡದೆ ಉಳಿದವರ ಕಥೆ ಇನ್ನೊಂದು. ಹೊಳೆಯ ಆಚೆಯ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳಿಗೆ ನೀರು ಅಡ್ಡ ಬಂದು, ತಾಲೂಕಿನ ಊರಾದ ಸಾಗರವೇ ದೂರವಾಯಿತು. ತುಮರಿಯ ಕಡೆಯವರು ಅಂಬಾರಗೋಡ್ಲು–ಕಳಸವಳ್ಳಿಯ ನಡುವೆ ಲಾಂಚಿನಲ್ಲಿ ದಾಟಬೇಕಾಗಿತ್ತು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವವರೂ ಹೀಗೆಯೇ. ಮೋಟಾರು, ಬಸ್ಸು, ಜನ, ಹಸು, ಎಲ್ಲವನ್ನೂ ಹೊತ್ತು ಸಾಗುವ ಆ ಲಾಂಚು ನಮಗೆ ಬಹು ಸೊಗಸಾಗಿ ಕಂಡಿತ್ತು. 2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ತೂಗುತಂತಿಯ ಸೇತುವೆ ತೆರೆಯಿತು. ಅದೇ ವರ್ಷ ಆಶ್ವೀಜದಲ್ಲಿ ಹೋದಾಗ ನಾವು, “ಲಾಂಚಿನ ಸೊಗಸು ಹೋಯಿತಲ್ಲ” ಎಂದೆವು. ಚಹದ ಅಂಗಡಿಯ ತಾಯಿ ಲೋಟ ಇಡುತ್ತಲೇ ಉತ್ತರ ಕೊಟ್ಟರು: “ನೀವು ವರ್ಷಕ್ಕೊಂದ್ಸಲ ಬರ್ತೀರಿ, ನಿಮಗೆ ಸೊಗಸು. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳನ್ನ ದಂಡೇಲಿ ಕೂರಿಸ್ಕೊಂಡು ಬೆಳಗಾಗೋದನ್ನ ಕಾದವರು ನಾವು.” ಹಳ್ಳಿ ಹಳ್ಳಿಯಾಗಿಯೇ ಇರಲಿ ಎಂದು ಹಾರೈಸುವ ಪಟ್ಟಣಿಗರೆಲ್ಲರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಂತಿ ಬೇರೆ, ಸೌಕರ್ಯವಿಲ್ಲದಿರುವುದು ಬೇರೆ.

ನಾವು ಆಶ್ವೀಜದಲ್ಲಿ ಹೋದದ್ದಕ್ಕೆ ಕಾರಣ ಭೂಮಿಹುಣ್ಣಿಮೆ. ಬತ್ತದ ಪೈರು ಹೊಡೆಗಟ್ಟುವ ಕಾಲ ಅದು. ಭೂಮಿ ಬಸುರಿ ಎಂಬುದು ರೈತರ ಭಾವನೆ. ಬಸುರಿಯ ಬಯಕೆಯನ್ನು ತೀರಿಸಬೇಡವೆ? ದೀವರ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಮೊದಲೇ ಬಿದಿರಿನ ಬುಟ್ಟಿಗೆ ಸೆಗಣಿ ಬಳಿದು, ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ನವುರಾದ ಗೆರೆಗಳ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಮದುವೆಯ ಮನೆಯ ಗೋಡೆಯ ಮೇಲೆ ಬರೆಯುವ ಹಸೆಚಿತ್ತಾರವೂ ಇವರ ಕೈಯದೇ. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಾಗುವ ಮೊದಲೇ ದೀವಟಿಗೆ ಹಿಡಿದು, ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಸೊಪ್ಪುಗಳ ಅಂಬಲಿಯನ್ನು ಪೈರಿನ ಮೇಲೆ ಬೀರುತ್ತಾ ಭೂಮಿತಾಯಿಯನ್ನು ಉಣ್ಣಲು ಕರೆಯುತ್ತಾರೆ. ಇಲಿಗೆ, ಕಾಗೆಗೆ ಕೂಡ ಪಾಲು ಎತ್ತಿಡುತ್ತಾರೆ. ಮೊದಲು ಮಣ್ಣಿಗೆ, ಆಮೇಲೆ ಮನುಷ್ಯರಿಗೆ. ಗದ್ದೆಯ ಬದುವಿನ ಮೇಲೆ ಕುಳಿತು ನಾವು ಕೊಟ್ಟೆಕಡುಬು ತಿಂದಾಗ ಹೊತ್ತು ಮೂಡುತ್ತಿತ್ತು. ಮಕ್ಕಳು ಯಾರೂ ಗಲಾಟೆ ಮಾಡಲಿಲ್ಲವೆಂಬುದು ಆ ದಿನದ ಪವಾಡ!

ಕಾಡಿನ ನಡುವಿನ ಹಳ್ಳಿಯೆಂದರೆ ಹಿಂದುಳಿದದ್ದೆಂದು ಯಾರೂ ತಿಳಿಯಬಾರದು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕಸಂಘ ಲೋಕದ ಶ್ರೇಷ್ಠ ನಾಟಕಗಳನ್ನು ಅಡಕೆ ಬೆಳೆಯುವ ರೈತರ ಮುಂದೆ ಕನ್ನಡದಲ್ಲಿ ಆಡಿಸಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಸಾಗರದಲ್ಲಿಯೇ ಬಾಳಿದ ನಾ. ಡಿಸೋಜ ಅವರು ಮುಳುಗಡೆಯ ನೋವನ್ನು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು, ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆಯಿತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಇನ್ನು ಕೆಳದಿ, ಇಕ್ಕೇರಿಗಳ ಗುಡಿಗಳು. ಇಕ್ಕೇರಿಯ ಅಘೋರೇಶ್ವರನ ಮುಂದೆ ನೆಲದ ಕಲ್ಲಿನ ಮೇಲೆ ದೊರೆಗಳು ಸಾಷ್ಟಾಂಗ ಮಲಗಿದಂತೆ ತಮ್ಮ ರೂಪ ಕೆತ್ತಿಸಿಕೊಂಡಿದ್ದಾರೆ. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮ ಈ ಕೆಳದಿಯ ರಾಣಿ. ನಮ್ಮ ಮರಾಠಿ ನೆರೆಹೊರೆಯವರೊಡನೆ ಹೆಮ್ಮೆಯಿಂದ ಹಂಚಿಕೊಳ್ಳಬೇಕಾದ ಸಂಗತಿ ಇದು.

ನೆರೆಹೊರೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ನಾವು ವಾಸಿಸುವ ಈ ಮುಂಬಯಿಯ ಬೆಳಕಿನ ಕಥೆಯೂ ಬೇರೆಯಲ್ಲ. ಈ ನಗರದ ಗಿರಣಿಗಳಿಗೂ ರೈಲುಗಳಿಗೂ ವಿದ್ಯುತ್ತು ಬೇಕೆಂದು ಟಾಟಾ ಸಂಸ್ಥೆಯವರು ಸಹ್ಯಾದ್ರಿಯಲ್ಲಿ ಅಣೆಕಟ್ಟುಗಳನ್ನು ಕಟ್ಟಿಸಿದರು. ಪುಣೆಯ ಹತ್ತಿರದ ಮುಳಶಿಯಲ್ಲಿ ನೆಲ ಕಳೆದುಕೊಳ್ಳಲಿದ್ದ ಮಾವಳೆ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಅಣೆಕಟ್ಟು ನಿಲ್ಲಲಿಲ್ಲ, ಊರುಗಳು ಮುಳುಗಿದವು. ಇಲ್ಲಿ ಗುಂಡಿ ಒತ್ತಿದೊಡನೆ ಬೆಳಗುವ ದೀಪದ ಹಿಂದೆಯೂ ಯಾರದೋ ಮುಳುಗಿದ ಮನೆಯಿದೆ. ಶರಾವತಿಯವರ ದುಃಖ ಮಲೆನಾಡಿನವರ ಖಾಸಗಿ ದುಃಖವೆಂದು ಬಗೆಯಲು ನಮಗೆ ಅಧಿಕಾರವಿಲ್ಲ. ವಿದ್ಯುತ್ತು ಬೇಡವೆಂದು ನಾವು ಹೇಳುತ್ತಿಲ್ಲ. ಆ ಮಾತನ್ನು ಈ ಧ್ವನಿವರ್ಧಕದ ಮುಂದೆ ನಿಂತು ಹೇಳಿದರೆ ನಗೆಪಾಟಲಾಗುತ್ತದೆ. ಪಡೆದವರು ಕೊಟ್ಟವರನ್ನು ನೆನೆಯಬೇಕು, ಅವರ ಲೆಕ್ಕ ಚುಕ್ತಾ ಆಗುವವರೆಗೆ ಕೇಳುತ್ತಿರಬೇಕು ಎಂಬುದಷ್ಟೇ ನಮ್ಮ ವಾದ.

ಆ ಹೊಳೆಯ ಮೇಲಿನ ಬೇಡಿಕೆ ಇನ್ನೂ ಮುಗಿದಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಚನೆ ಹೊರಟಾಗ, 2019ರಲ್ಲಿ ಮಲೆನಾಡಿನ ಜನ ಬೀದಿಗಿಳಿದರು. ಇಳಿವಯಸ್ಸಿನ ಡಿಸೋಜ ಅವರೂ ಮುಂದಿನ ಸಾಲಿನಲ್ಲಿದ್ದರು. ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ಕಾಡಿನಡಿಯಲ್ಲಿ ಸುರಂಗ ಕೊರೆದು, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಕ್ಕೆ ಬಿಟ್ಟು 2000 ಮೆಗಾವಾಟು ವಿದ್ಯುತ್ತು ತೆಗೆಯುವ ಇನ್ನೊಂದು ಯೋಜನೆಯ ಬಗ್ಗೆ 2025ರಲ್ಲಿಯೂ ದೊಡ್ಡ ವಾಗ್ವಾದ ನಡೆಯಿತು. ಆ ಕಾಡು ಸಿಂಗಳೀಕಗಳ ಮನೆ. ತಜ್ಞರು ವಾದಿಸಲಿ, ಸರ್ಕಾರ ತೀರ್ಮಾನಿಸಲಿ. ಆದರೆ ಆ ನೆಲವನ್ನು ಕಣ್ಣಾರೆ ಕಂಡವನ ಅಭಿಪ್ರಾಯಕ್ಕೂ ಪತ್ರಿಕೆಯಲ್ಲಿ ತಲೆಬರಹ ಓದಿದವನ ಅಭಿಪ್ರಾಯಕ್ಕೂ ವ್ಯತ್ಯಾಸವುಂಟು. ನಮ್ಮ ಮಕ್ಕಳು ಕಣ್ಣಾರೆ ಕಂಡವರಾಗಲಿ ಎಂಬುದಕ್ಕಾಗಿಯೇ ಇಷ್ಟು ಮಾತು.

ಹೋಗುವವರಿಗೆ ಕೆಲವು ಸೂಚನೆಗಳು. ಜಲಪಾತ ಬೇಕೆನ್ನುವವರು ಆಗಸ್ಟಿನಲ್ಲಿ ಹೋಗಲಿ. ಆದರೆ ಆಗ ಹಿನ್ನೀರಿನ ದಂಡೆಯಲ್ಲಿ ಮಳೆಯ ಪರದೆಯ ಹೊರತು ಬೇರೇನೂ ಕಾಣದು. ಕಾಡು, ನೀರು, ಹಳ್ಳಿ ಮೂರನ್ನೂ ನೋಡಲು ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಒಂದು ದಿನದಲ್ಲಿ ಹತ್ತು ಸ್ಥಳ ನೋಡುವ ಚಪಲ ಬೇಡ. ಒಂದೇ ಹಳ್ಳಿಯಲ್ಲಿ ಮೂರು ದಿನ ನಿಲ್ಲಿ. ಹಿನ್ನೀರು ಹೊರಗಿನಿಂದ ಶಾಂತವಾಗಿ ಕಂಡರೂ ಒಳಗೆ ಕೆಸರು, ಬೊಡ್ಡೆ, ಹಠಾತ್ತಾದ ಆಳಗಳುಂಟು. ಊರವರ ಮಾತು ಮೀರಿ ಮಕ್ಕಳನ್ನು ನೀರಿಗಿಳಿಸಬೇಡಿ. ಹಾಡಿನ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತನ್ನಿ. ಕೊಳ್ಳುವುದಿದ್ದರೆ ಊರಿನವರ ಜೇನು, ಅಪ್ಪೆಮಿಡಿ, ಸಾಗರದ ಗುಡಿಗಾರರ ಗಂಧದ ಕೆತ್ತನೆ ಕೊಳ್ಳಿ.

ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳ ಕೈಯಲ್ಲಿ ಒಂದು ಪುಸ್ತಕ ಕೊಟ್ಟು ಅಲ್ಲಿಯ ಮಾತುಗಳನ್ನು ಬರೆದುಕೊಳ್ಳಲು ಹೇಳಿ. ಕಾನು, ಹಕ್ಕಲು, ಬ್ಯಾಣ, ಸೊಪ್ಪಿನಬೆಟ್ಟ, ಇವು ನಾಲ್ಕು ಬಗೆಯ ನೆಲ. ಹಳ್ಳ ದಾಟುವ ಮರದ ದಿಮ್ಮಿಗೆ ಸಂಕ; ಎರಡು ಗುಡ್ಡಗಳ ನಡುವಿನ ತಗ್ಗಿಗೆ ಕಣಿವೆ; ಮನೆಯ ಮುಂದಿನ ಒಪ್ಪವಾದ ಕಟ್ಟೆಗೆ ಜಗಲಿ. ನಮ್ಮ ಮನೆಗಳಲ್ಲಿ ಕನ್ನಡ ಉಳಿದಿದೆ, ಸಂತೋಷ. ಆದರೆ ಅದು ಅಡುಗೆಮನೆ, ಆಫೀಸು, ಟಿಕೀಟುಗಳ ಕನ್ನಡ. ಕಾಡಿಗೆ ನಮ್ಮಲ್ಲಿ ಒಂದೇ ಮಾತು, ನೀರಿಗೆ ಒಂದೇ ಮಾತು. ಬಳಸುವ ಸಂದರ್ಭ ಇಲ್ಲದಾದಾಗ ಮಾತು ಮೆಲ್ಲಗೆ ಮುಳುಗುತ್ತದೆ; ಯಾವ ಸರ್ಕಾರಿ ನೋಟೀಸೂ ಬರುವುದಿಲ್ಲ. ಈ ಮುಳುಗಡೆಗೆ ಪರಿಹಾರ ಕೊಡುವವರೂ ಯಾರಿಲ್ಲ. ಅದನ್ನು ತಡೆಯುವವರು ನಾವೇ, ನಮ್ಮ ಮನೆಯವರೇ.

ಆದ್ದರಿಂದ ಒಂದು ಸಲಹೆಯೊಡನೆ ಮುಗಿಸುತ್ತೇವೆ. ಸಂಘದಿಂದ ಪ್ರತಿವರ್ಷ ನಡೆಯುವ ವಿಹಾರಕೂಟದ ಬದಲು, ಎರಡು ವರ್ಷಕ್ಕೊಮ್ಮೆಯಾದರೂ ನಮ್ಮ ಹುಡುಗ ಹುಡುಗಿಯರ ಒಂದು ತಂಡವನ್ನು ಈ ಹಿನ್ನೀರಿನ ನಾಡಿಗೆ ಕರೆದೊಯ್ಯೋಣ. ಅಲ್ಲಿಯ ಒಂದು ಶಾಲೆಯ ಮಕ್ಕಳೊಡನೆ ಅವರು ಎರಡು ದಿನ ಇರಲಿ. ಬಂದ ಮೇಲೆ ತಾವು ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಅದನ್ನು ಈ ಸಂಚಿಕೆಯಲ್ಲಿಯೇ ಅಚ್ಚು ಹಾಕೋಣ. ಖರ್ಚಿನ ಲೆಕ್ಕವನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡಲು ನಾವು ಸಿದ್ಧರಿದ್ದೇವೆ. ಮೊದಲ ತಂಡದೊಡನೆ ಹೋಗಲು ಈಗಾಗಲೇ ಏಳು ಮನೆಯವರು ಹೆಸರು ಕೊಟ್ಟಿದ್ದಾರೆ. ಇನ್ನುಳಿದವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಬಹುದು.